ದೂರದಿಂದ ಮನಸ್ಸಿಗೆ ಮದ್ದು

ಕಣ್ಣಿಗೆ ಕಾಣದ ರೋಗವನ್ನು ಎದುರಿಗೆ ಕಾಣದ ವೈದ್ಯನು ಗುಣಪಡಿಸಬಲ್ಲನೆ? ಈ ಪ್ರಶ್ನೆಯು ಈಚಿನ ಕೆಲವು ವರ್ಷಗಳಿಂದ ನಮ್ಮ ಗೃಹಸ್ಥರ ಮನೆಗಳಲ್ಲಿ ಕೇಳಿಬರುತ್ತಲಿದೆ. ಜ್ವರ ಬಂದರೆ ಹಣೆ ಮುಟ್ಟಿ ನೋಡಬಹುದು. ಎಲುಬು ಮುರಿದರೆ ಚಿತ್ರ ತೆಗೆಯಿಸಬಹುದು. ಮನಸ್ಸು ಕುಗ್ಗಿಹೋದುದನ್ನು ಮುಟ್ಟಿ ನೋಡುವ ಕೈ ಯಾವುದು? ಎದುರೆದುರು ಕುಳಿತಾಗಲೂ ತಿಳಿಯಲು ಕಷ್ಟವಾದ ಈ ವ್ಯಾಧಿಯನ್ನು, ಅಂಗೈಯಗಲದ ಗಾಜಿನ ಮೇಲೆ ಮುಖ ತೋರಿಸಿ ಮಾತಾಡುವ ಅಪರಿಚಿತರೊಬ್ಬರು ತಿಳಿದು ಸರಿಪಡಿಸುವರೆಂದರೆ ಯಾರು ನಂಬುವರು? ಉಡುಪಿಯ ರಥಬೀದಿಯಲ್ಲಿ ಸಂಜೆಯ ಹೊತ್ತು ಒಟ್ಟುಗೂಡುವ ನಮ್ಮ ನಿವೃತ್ತರ ಗೋಷ್ಠಿಯಲ್ಲಿ ಈ ವಿಷಯವು ಎಷ್ಟೋ ಸಾರಿ ಚರ್ಚೆಗೆ ಬಂದಿದೆ. ಪ್ರತಿಸಾರಿಯೂ ನಗೆಯಲ್ಲಿಯೇ ಮುಗಿದಿದೆ. “ಮಾಷ್ಟ್ರೇ, ಟೆಲಿಫೋನಿನಲ್ಲಿ ಊಟ ಬಡಿಸಿದರೆ ಹೊಟ್ಟೆ ತುಂಬೀತೆ?” ಎಂಬುದು ಗೋಷ್ಠಿಯ ಹಿರಿಯರೊಬ್ಬರ ಪ್ರಶ್ನೆ.

ನಾನು ವೈದ್ಯನಲ್ಲ, ಮನಶ್ಶಾಸ್ತ್ರವನ್ನು ಕಲಿತವನೂ ಅಲ್ಲ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನೂ ಸಂಧಿಸಮಾಸಗಳನ್ನೂ ಹೇಳಿಕೊಟ್ಟು ವಿಶ್ರಾಂತನಾದ ಒಬ್ಬ ಸಂಸ್ಕೃತದ ಉಪಾಧ್ಯಾಯ. ಆದರೂ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದಕ್ಕೆ ಕಾರಣವುಂಟು. ನಮ್ಮ ಕುಟುಂಬದಲ್ಲಿಯೇ ಒಂದು ಜೀವವು ಈ ದಾರಿಯಿಂದ ಬದುಕಿ ಉಳಿಯಿತು. ಅದೇ ದಾರಿಯಲ್ಲಿ ಮೊದಲೊಂದು ಸಲ ಮುಗ್ಗರಿಸಿಯೂ ಇದ್ದಿತು. ಎರಡನ್ನೂ ಹತ್ತಿರದಿಂದ ಕಂಡ ಮೇಲೆ, ದೂರದ ಚಿಕಿತ್ಸೆಯೆಂಬುದು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಶಾಸ್ತ್ರವನ್ನರಿತು ಮಾಡಿದರೆ ಫಲಿಸುವುದು, ಅರಿಯದೆ ಮಾಡಿದರೆ ಕೆಡುವುದು ಎಂದು ನನಗೆ ಮನವರಿಕೆಯಾಗಿದೆ.

ಮನಸ್ಸಿಗೆ ಮಾತಿನಿಂದ ಚಿಕಿತ್ಸೆ ಮಾಡುವುದು ನಮ್ಮ ದೇಶಕ್ಕೆ ಹೊಸದಲ್ಲ. ಚರಕಸಂಹಿತೆಯಲ್ಲಿ ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಜಪ ಹೋಮಾದಿಗಳು ಮೊದಲನೆಯದು. ಆಹಾರ ಔಷಧಗಳ ಯೋಜನೆ ಎರಡನೆಯದು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ತರುವುದು ಮೂರನೆಯದು. ಅದೇ ಗ್ರಂಥದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನೂ ಹೇಳಿದೆ. ಈ ನಾಲ್ವರೂ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯ ಸುತ್ತ ಇರುವರೆಂಬುದನ್ನು ಪ್ರಾಚೀನರು ಹೇಳದೆಯೇ ಒಪ್ಪಿಕೊಂಡಿದ್ದರು. ನಮ್ಮ ಕಾಲದಲ್ಲಿ ಈ ಒಪ್ಪಿಗೆಯೇ ಸಡಲಿದೆ. ವೈದ್ಯರು ಮಣಿಪಾಲದಲ್ಲಿ, ರೋಗಿ ಕಾರ್ಕಳದಲ್ಲಿ, ಖರ್ಚು ಕೊಡುವ ಗಂಡ ಮಸ್ಕತ್ತಿನಲ್ಲಿ! ಹೀಗಿರುವಾಗ ಏನು ಕಳೆದುಹೋಗುವುದು, ಏನು ಉಳಿಯುವುದು ಎಂದು ಲೆಕ್ಕ ಹಾಕುವುದು ಮೊದಲ ಕೆಲಸ.

ಈ ಲೆಕ್ಕಕ್ಕೆ ನನಗೆ ನೆರವಾದುದು ಭರತನ ನಾಟ್ಯಶಾಸ್ತ್ರ. ಅಲ್ಲಿ ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯವು ನಾಲ್ಕು ವಿಧ. ಮನಸ್ಸಿನ ಒಳಗಣ ಸ್ಥಿತಿಯು ತಾನಾಗಿ ಮೈಮೇಲೆ ತೋರುವ ಸಾತ್ತ್ವಿಕ ಭಾವಗಳು ಎಂಟು: ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ಕಂಪ, ಬಣ್ಣಗೆಡುವಿಕೆ, ಕಣ್ಣೀರು, ಮೂರ್ಛೆ. ಬರಿಯ ಟೆಲಿಫೋನಿನಲ್ಲಿ ಮಾತಾಡುವಾಗ ಈ ಎಂಟರಲ್ಲಿ ನೇರವಾಗಿ ತಿಳಿಯುವುದು ಸ್ವರಭಂಗವೊಂದೇ. ಚಿತ್ರದೊಡನೆ ಮಾತಾಡುವಾಗ ಕಣ್ಣೀರು ಕಾಣುವುದು. ಆದರೆ ಮಡಿಲಲ್ಲಿ ನಡುಗುವ ಕೈ ಕಾಣದು, ಮುಖದ ಬಣ್ಣವು ದೀಪದ ಬಣ್ಣದಲ್ಲಿ ಕರಗಿಹೋಗುವುದು. ಆದ್ದರಿಂದ ದೂರದ ಚಿಕಿತ್ಸಕನು ಕಣ್ಣಿಗೆ ಕಾಣದುದನ್ನು ಕೇಳಿ ತಿಳಿಯಬೇಕು. ಏನನ್ನು, ಹೇಗೆ, ಯಾವಾಗ ಕೇಳಬೇಕೆಂಬುದನ್ನು ಮೊದಲೇ ಪರೀಕ್ಷಿಸಿ ನೋಡಿದವರ ಅನುಭವದಿಂದ ಕಲಿತಿರಬೇಕು. ಸಂಶೋಧನೆಯ ಉಪಯೋಗ ಇಲ್ಲಿಯೇ ಇರುವುದು.

ಕನ್ನಡನಾಡಿನಲ್ಲಿ ಮನಶ್ಶಾಸ್ತ್ರಕ್ಕೂ ದೂರದ ಮಾತಿಗೂ ಒಂದು ಹಳೆಯ ನಂಟಿದೆ ಎಂಬುದು ವಾಚಕರಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ನಿಲಯವೊಂದನ್ನು ಸ್ಥಾಪಿಸಿದರು. ಅದಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ದೇಶದ ರೇಡಿಯೋ ಸಂಸ್ಥೆಯೇ ತನ್ನದಾಗಿ ಮಾಡಿಕೊಂಡಿತು. ಮನಸ್ಸಿನ ಪಾಠ ಹೇಳುತ್ತಿದ್ದವರೇ ಮುಖ ಕಾಣದ ಮಾತನ್ನು ಮನೆಮನೆಗೆ ಮುಟ್ಟಿಸಲು ಹೊರಟುದು ಅರ್ಥವಿಲ್ಲದ ಸಂಗತಿಯಲ್ಲ. ತರುವಾಯ 1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಲ್ಲಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಏರ್ಪಟ್ಟಿತು. 2020ರ ಮಾರ್ಚಿಯಲ್ಲಿ ಕೋವಿಡ್ ಪಿಡುಗಿನಿಂದ ಊರುಗಳೆಲ್ಲ ಬಾಗಿಲು ಹಾಕಿಕೊಂಡಾಗ, ದೂರದಿಂದ ವೈದ್ಯ ಮಾಡುವವರು ಅನುಸರಿಸಬೇಕಾದ ನಿಯಮಗಳನ್ನು ಕೇಂದ್ರ ಸರಕಾರವು ಪ್ರಕಟಿಸಿತು. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ಉಚಿತ ದೂರವಾಣಿ ಸೇವೆಯು ದೇಶಕ್ಕೆಲ್ಲ ಆರಂಭವಾಯಿತು. ಅದಕ್ಕೂ ಮಾರ್ಗದರ್ಶಕ ಸಂಸ್ಥೆ ನಿಮ್ಹಾನ್ಸೇ. 14416 ಎಂಬ ಅದರ ಸಂಖ್ಯೆಯನ್ನು ಪ್ರತಿಯೊಬ್ಬ ಗೃಹಸ್ಥನೂ ಅಡಿಗೆಮನೆಯ ಪಂಚಾಂಗದ ಪಕ್ಕದಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು.

ಇನ್ನು ನಮ್ಮ ಮನೆಯ ವಿಚಾರ. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಪಡೆದಿದ್ದೇನೆ; ಹೆಸರು ಬೇಕಾಗಿಲ್ಲ.

ನನ್ನ ತಂಗಿಯ ಮನೆ ಕಾರ್ಕಳದಲ್ಲಿ. ಅವಳ ಮಗಳನ್ನು ಕಾಪುವಿನ ಕಡೆಯ ಒಂದು ಮನೆಗೆ ಕೊಟ್ಟಿದೆ. ಶಂಕರಪುರದ ಮಲ್ಲಿಗೆ ಬೆಳೆಯುವ ಮನೆತನ, ಅತ್ತೆ ಒಳ್ಳೆಯವರು, ಅಳಿಯ ಮಸ್ಕತ್ತಿನಲ್ಲಿ ಉದ್ಯೋಗಿ. 2023ರ ಜೂನ್ ತಿಂಗಳ ಮೊದಲಲ್ಲಿ ಹುಡುಗಿಯು ತವರಿನಲ್ಲಿ ಹೆತ್ತಳು. ಹೆಣ್ಣು ಮಗು, ಸುಖಪ್ರಸವ. ಹಂಡೆಯ ಬಿಸಿನೀರು, ಎಣ್ಣೆ, ಕಷಾಯ, ಬಾಣಂತಿಯ ಪಥ್ಯ, ಎಲ್ಲವೂ ಕ್ರಮದಂತೆಯೇ ನಡೆಯಿತು. ಆಟಿ ತಿಂಗಳು ಹಿಡಿಯುವ ಹೊತ್ತಿಗೆ ಹುಡುಗಿಯ ಮಾತು ಕಡಮೆಯಾಯಿತು. ಮಗು ಮಲಗಿದಾಗಲೂ ಅವಳಿಗೆ ನಿದ್ರೆಯಿಲ್ಲ. ಕೇಳಿದರೆ “ಕೈಕಾಲು ಬಚ್ಚುತ್ತದೆ” ಎನ್ನುವಳು, “ತಲೆ ಭಾರ” ಎನ್ನುವಳು, “ಬೇಜಾರು” ಎನ್ನುವಳು. ನಮ್ಮ ಕರಾವಳಿಯಲ್ಲಿ ಈ ‘ಬೇಜಾರು’ ಎಂಬ ಶಬ್ದಕ್ಕೆ ಎಷ್ಟು ಅರ್ಥಗಳೆಂದು ಕೋಶಕಾರರು ಲೆಕ್ಕ ಹಾಕಬೇಕು. ಬಸ್ಸು ತಪ್ಪಿದರೂ ಬೇಜಾರು, ಮನೆಯಲ್ಲಿ ಸಾವಾದರೂ ಬೇಜಾರು.

ದೃಷ್ಟಿ ತೆಗೆದರು. ದೇವಸ್ಥಾನದಲ್ಲಿ ಪೂಜೆ ಮಾಡಿಸಿದರು. ಇವೆರಡನ್ನೂ ನಾನು ತಪ್ಪೆನ್ನಲಾರೆ. ತಾಯಿಯ ಮನಸ್ಸಿಗೆ ಅವು ಬಲ ಕೊಟ್ಟವು. ಆದರೆ ಒಂದು ದಿನ ಮಗಳು, “ಅಮ್ಮಾ, ಮಗುವಿಗೆ ನನಗಿಂತ ನೀನೇ ಒಳ್ಳೆಯ ತಾಯಿ, ನಾನು ಇದ್ದೂ ಏನು?” ಎಂದಳಂತೆ. ತಂಗಿಯು ಅದೇ ರಾತ್ರಿ ನನಗೆ ಫೋನು ಮಾಡಿ, “ಅಣ್ಣ, ನನಗೆ ಹೆದರಿಕೆಯಾಗುತ್ತದೆ” ಎಂದಳು.

ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆಯುಂಟು. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದ್ದರಿಂದ ನಮ್ಮ ಜಿಲ್ಲೆಯ ಜನರು ಮನೋವೈದ್ಯರನ್ನು ಹುಡುಕಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆದರೂ ಕಾರ್ಕಳದಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಗೂ ಮೇಲಿನ ದಾರಿ. ಹೊರಗೆ ಆಟಿಯ ಮಳೆ. ಕೈಯಲ್ಲಿ ಎಳೆಯ ಕೂಸು. ಅದೆಲ್ಲಕ್ಕಿಂತ ದೊಡ್ಡ ಅಡ್ಡಿಯೆಂದರೆ, ಮನೋರೋಗದ ವಿಭಾಗದ ಬಾಗಿಲಲ್ಲಿ ಪರಿಚಯದವರಾರಾದರೂ ಕಂಡಾರೆಂಬ ಭಯ. ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಏನಾದರೊಂದು ಮಾನಸಿಕ ವ್ಯಾಧಿಯಿದೆಯೆಂದೂ, ಅಂಥವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆಯುತ್ತಿಲ್ಲವೆಂದೂ ಕಂಡುಬಂದಿತು. ಆ ಹೆಚ್ಚಿನವರೆಂದರೆ ಯಾರೆಂದು ನನಗೆ ಅಂದು ಅರ್ಥವಾಯಿತು: ಎಲ್ಲಿಯೋ ಇರುವ ಜನರಲ್ಲ, ನಮ್ಮ ತಂಗಿಯ ಮನೆಯವರು.

ಅಳಿಯನು ಮಸ್ಕತ್ತಿನಿಂದಲೇ ಒಂದು ಕಂಪೆನಿಯನ್ನು ಹುಡುಕಿ ಹಣ ಕಟ್ಟಿದನು. ಆ ಕಂಪೆನಿಯ ಹೆಸರು ಇಲ್ಲಿ ಅನಾವಶ್ಯಕ. ನಿಶ್ಚಿತ ವೇಳೆಗೆ ದೂರದ ನಗರದಿಂದ ಒಬ್ಬರು ಫೋನಿನ ತೆರೆಯ ಮೇಲೆ ಬಂದರು. ಹುಡುಗಿ ಎಲ್ಲಿದ್ದಾಳೆ, ಒಬ್ಬಳೇ ಇದ್ದಾಳೆಯೆ, ಪಕ್ಕದಲ್ಲಿ ಯಾರಿದ್ದಾರೆ, ಇದೊಂದನ್ನೂ ಕೇಳಲಿಲ್ಲ. ಆಗ ಅವಳ ಹಿಂದೆ ಹಜಾರದಲ್ಲಿ ಮೂವರು ಹೆಂಗಸರು ಕುಳಿತಿದ್ದರು. ಇಂಗ್ಲಿಷು ಬೆರೆತ ಕನ್ನಡದಲ್ಲಿ, ಒಳ್ಳೆಯದನ್ನೇ ಯೋಚಿಸಬೇಕು, ದಿನಚರಿ ಬರೆಯಬೇಕು, ಬೆಳಗ್ಗೆ ಹೊರಗೆ ನಡೆದಾಡಬೇಕು ಎಂದು ಉಪದೇಶವಾಯಿತು. ಆಟಿಯ ಜಡಿಮಳೆಯಲ್ಲಿ ಎಳೆ ಬಾಣಂತಿಯು ನಡೆದಾಡುವುದೆಲ್ಲಿ? ಮಾತಿನ ನಡುವೆ ಸಂಪರ್ಕ ಕಡಿಯಿತು. ಮರಳಿ ಕರೆ ಬರಲಿಲ್ಲ. ಮುಂದಿನ ವಾರ ಬಂದವರು ಬೇರೊಬ್ಬರು. ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಹುಡುಗಿಯು ಫೋನನ್ನು ಬೋರಲಾಗಿಟ್ಟು “ಎಂಕ್ ದಾಲಾ ಬೊಡ್ಚಿ” ಎಂದಳು. ನನಗೆ ಏನೂ ಬೇಡ ಎಂಬುದು ತುಳುವಿನ ಆ ಮಾತಿನ ಅರ್ಥ. ನಮ್ಮ ಗೋಷ್ಠಿಯ ಹಿರಿಯರಿದ್ದಿದ್ದರೆ, ನಾನು ಹೇಳಲಿಲ್ಲವೆ ಎನ್ನುತ್ತಿದ್ದರು.

ಅಷ್ಟರಲ್ಲಿ ಹೆರಿಗೆ ಮಾಡಿಸಿದ ಕಾರ್ಕಳದ ಡಾಕ್ಟರಮ್ಮನವರೇ ಮಗುವಿನ ಚುಚ್ಚುಮದ್ದಿಗೆಂದು ಹೋದಾಗ ತಾಯಿಯ ಮುಖ ನೋಡಿ ವಿಚಾರಿಸಿ, ಮಣಿಪಾಲದಲ್ಲಿ ಅಭ್ಯಾಸ ಮಾಡಿದ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿಗೆ ಕಳುಹಿಸಿದರು. ಆಕೆಯೂ ಮಾತಾಡಿದುದು ದೂರದಿಂದಲೇ, ಅದೇ ಫೋನಿನಲ್ಲಿಯೇ. ಉಪಕರಣ ಒಂದೇ, ಫಲ ಮಾತ್ರ ಬೇರೆ. ಏಕೆ ಬೇರೆಯಾಯಿತೆಂಬುದೇ ಈ ಲೇಖನದ ವಿಷಯ. ಹುಡುಗಿ ಗುಣವಾದ ಮೇಲೆ, ಅವಳ ಅನುಮತಿಯಿಂದ ನಾನು ಆ ತಾಯಿಯನ್ನು ಕಂಡು, ಅವರು ಮಾಡಿದ ಒಂದೊಂದು ಕ್ರಮಕ್ಕೂ ಕಾರಣವೇನೆಂದು ಪಾಠ ಕೇಳುವಂತೆ ಕೇಳಿದೆನು; ಅವರು ಹೇಳಿದ ಗ್ರಂಥಗಳನ್ನು ಕೂಡಿದ ಮಟ್ಟಿಗೆ ಓದಿಯೂ ನೋಡಿದೆನು.

ಮೊದಲ ದಿನ ಅವರು ಚಿಕಿತ್ಸೆಯ ಮಾತನ್ನೇ ಎತ್ತಲಿಲ್ಲ. ನೀವು ಈಗ ಇರುವ ಮನೆಯ ವಿಳಾಸವೇನು? ಕೋಣೆಯ ಬಾಗಿಲು ಮುಚ್ಚಿದೆಯೆ? ಕಿವಿಗೆ ಹಾಕಿಕೊಳ್ಳುವ ಸಾಧನವಿದೆಯೆ? ಯಾರಾದರೂ ಒಳಗೆ ಬಂದರೆ ನನಗೆ ತಿಳಿಸಲು ಒಂದು ಮಾತನ್ನು ಗೊತ್ತುಮಾಡಿಕೊಳ್ಳೋಣ. ಸಂಪರ್ಕ ಕಡಿದರೆ ಐದು ನಿಮಿಷದೊಳಗೆ ನಾನೇ ಸಾದಾ ಫೋನಿಗೆ ಕರೆಯುವೆನು. ತುರ್ತಾದರೆ ನಾನು ಯಾರಿಗೆ ತಿಳಿಸಬಹುದು? ಇಂಥ ಪ್ರಶ್ನೆಗಳೇ ಅರ್ಧ ಗಂಟೆ ನಡೆದವು. ನಮಗೆ ಇದು ಕಚೇರಿಯ ಗುಮಾಸ್ತರ ಕೆಲಸದಂತೆ ತೋರಬಹುದು. ಆದರೆ ದೂರದ ಚಿಕಿತ್ಸೆಯಲ್ಲಿ ಗೋಡೆಗಳನ್ನು ಕಟ್ಟುವುದು ಇದೇ. ಆಸ್ಪತ್ರೆಯಲ್ಲಾದರೆ ಮುಚ್ಚಿದ ಕೋಣೆ ಸಿದ್ಧವಾಗಿರುವುದು. ಮನೆಯಲ್ಲಿ ಅದನ್ನು ಮಾತಿನಿಂದ ಕಟ್ಟಿಕೊಳ್ಳಬೇಕು. ಕನ್ನಡದಲ್ಲಿ ಆರಂಭಿಸಿದ ಅವರು, ಹುಡುಗಿಯ ಬಾಯಿಂದ ಒಂದು ತುಳು ಶಬ್ದ ಜಾರಿದ ಕೂಡಲೇ ತಾವೂ ತುಳುವಿಗೆ ಹೊರಳಿದರಂತೆ. “ಮಾವ, ಅಲ್ಲಿಂದ ನನಗೆ ಮಾತು ಹುಡುಕಬೇಕಾಗಲಿಲ್ಲ” ಎಂದು ಅವಳು ಮುಂದೆ ನನಗೆ ಹೇಳಿದಳು.

ಎರಡನೆಯದಾಗಿ, ಅವರು ಊಹೆಯನ್ನು ನಂಬದೆ ಅಳತೆಯನ್ನು ನಂಬಿದರು. ಬಾಣಂತಿಯರ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಸ್ಕಾಟ್ಲೆಂಡಿನ ಕಾಕ್ಸ್, ಹೋಲ್ಡನ್, ಸಗೋವ್‌ಸ್ಕಿ ಎಂಬ ಮೂವರು ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ರಚಿಸಿದರು. ಎಡಿನ್‌ಬರೋ ಮಾಪಕವೆಂದು ಅದಕ್ಕೆ ಹೆಸರು; ಕನ್ನಡದಲ್ಲಿಯೂ ಅದು ಬಳಕೆಗೆ ಬಂದಿದೆ. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೆ, ಕಾರಣವಿಲ್ಲದೆ ಭಯವಾಯಿತೆ, ತನ್ನನ್ನು ತಾನೇ ದೂಷಿಸಿಕೊಂಡದ್ದುಂಟೆ ಎಂಬಂಥ ಪ್ರಶ್ನೆಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 30. ಹೆಚ್ಚು ಅಂಕ ಬಂದಷ್ಟೂ ದುಃಖ ಹೆಚ್ಚು. ಹದಿಮೂರಕ್ಕೆ ಮೇಲಾದರೆ ಎಚ್ಚರಿಕೆಯ ಗಂಟೆಯೆಂದೇ ಸಾಮಾನ್ಯವಾಗಿ ತಿಳಿಯುವರು. ನಮ್ಮ ಹುಡುಗಿಗೆ ಮೊದಲ ದಿನ ಬಂದುದು 19. ಪರೀಕ್ಷೆಯಲ್ಲಿ ಯಾವಾಗಲೂ ಹೆಚ್ಚು ಅಂಕ ತರುತ್ತಿದ್ದವಳು ಅವಳು. ಈ ಪರೀಕ್ಷೆಯಲ್ಲಿಯೂ ತಂದಳು.

ವಾರವಾರವೂ ಅದೇ ಪಟ್ಟಿಯನ್ನು ತುಂಬಿಸುವುದೇಕೆ ಎಂದು ನಾನು ಕೇಳಿದೆನು. ಅದಕ್ಕೆ ಅವರು ಅಮೆರಿಕದ ಮೈಕೆಲ್ ಲ್ಯಾಂಬರ್ಟ್ ಎಂಬ ವಿದ್ವಾಂಸರ ಕೆಲಸವನ್ನು ಹೇಳಿದರು. ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಯಾರ ಸ್ಥಿತಿ ಕೆಡುತ್ತಿದೆಯೆಂಬುದನ್ನು ಅನುಭವಿಗಳಾದ ಚಿಕಿತ್ಸಕರೂ ಬರಿಯ ಅಂದಾಜಿನಿಂದ ಕಂಡುಹಿಡಿಯಲಾರರು. ಕಾಲಕಾಲಕ್ಕೆ ಅಳೆದ ಅಂಕಗಳನ್ನು ಅವರ ಮುಂದಿಟ್ಟರೆ, ಕೆಡುತ್ತಿರುವವರನ್ನು ಬೇಗನೆ ಗುರುತಿಸಿ ದಾರಿ ಬದಲಿಸುವರು. ಇದು ಆ ಸಂಶೋಧನೆಯ ಸಾರ. ನಾನು ಉಪಾಧ್ಯಾಯನಾದುದರಿಂದ ಈ ಮಾತು ನನಗೆ ಸುಲಭವಾಗಿ ಹಿಡಿಸಿತು. ಹಿಂದಿನ ಬೆಂಚಿನಲ್ಲಿ ತಲೆಯಾಡಿಸುವ ಹುಡುಗನಿಗೆ ಪಾಠ ಅರ್ಥವಾಗಿದೆಯೆಂದು ತಿಳಿದ ಉಪಾಧ್ಯಾಯರಿಗೆ ಉತ್ತರಪತ್ರಿಕೆಯೇ ನಿಜ ಹೇಳುವುದು. ದೂರದಿಂದ ಪಾಠ ಹೇಳುವಾಗಲಂತೂ ತಲೆಯಾಡಿಸುವುದೂ ಸರಿಯಾಗಿ ಕಾಣದು.

ಮೂರನೆಯದು ಸಖ್ಯ. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಎಂಬವರು, ಚಿಕಿತ್ಸಕನಿಗೂ ರೋಗಿಗೂ ನಡುವಣ ಸಖ್ಯದಲ್ಲಿ ಮೂರು ಅಂಗಗಳಿವೆಯೆಂದು ನಿರೂಪಿಸಿದರು: ಎಲ್ಲಿಗೆ ಹೋಗಬೇಕೆಂಬ ಗುರಿಯಲ್ಲಿ ಇಬ್ಬರ ಒಪ್ಪಿಗೆ, ಅದಕ್ಕಾಗಿ ಮಾಡಬೇಕಾದ ಕೆಲಸದಲ್ಲಿ ಒಪ್ಪಿಗೆ, ಮತ್ತು ಪರಸ್ಪರ ವಿಶ್ವಾಸ. ಯಾವ ಪದ್ಧತಿಯ ಚಿಕಿತ್ಸೆಯಾದರೂ ಈ ಸಖ್ಯವು ಗಟ್ಟಿಯಿದ್ದಲ್ಲಿ ಫಲ ಹೆಚ್ಚೆಂದು ಬಳಿಕ ನಡೆದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಗಾಜಿನ ತೆರೆಯ ಮೂಲಕವೂ ಅದು ಬೆಳೆಯಬಲ್ಲದೆಂದೂ ಕಂಡಿದೆ. ಆದರೆ ತಾನಾಗಿ ಬೆಳೆಯದು. ಎದುರಿನವರ ಚಿತ್ರವನ್ನು ನೋಡುತ್ತ ಮಾತಾಡಿದರೆ, ಅವರಿಗೆ ನಾವು ಕೆಳಗೆ ನೋಡುವಂತೆ ತೋರುವುದು. ಆದ್ದರಿಂದ ಆ ತಾಯಿಯು ಚಿತ್ರವನ್ನು ಕ್ಯಾಮರಾದ ಸಮೀಪಕ್ಕೆ ಎಳೆದಿಡುವರಂತೆ. ಟಿಪ್ಪಣಿ ಬರೆಯುವಾಗ “ಬರೆದುಕೊಳ್ಳುತ್ತಿದ್ದೇನೆ” ಎಂದು ಹೇಳಿ ಬರೆಯುವರು. ಇಲ್ಲವಾದರೆ ಬೇರೇನೋ ನೋಡುತ್ತಿದ್ದಾರೆಂದು ರೋಗಿಗೆ ತೋರೀತು. ಪ್ರತಿದಿನದ ಮಾತಿನ ಕೊನೆಗೆ, “ಇವತ್ತು ನೀವು ಹೇಳಬೇಕೆಂದಿದ್ದನ್ನು ಹೇಳಲಿಕ್ಕೆ ಆಯಿತೆ? ನಾನು ತಪ್ಪು ತಿಳಿದದ್ದುಂಟೆ?” ಎಂದು ಕೇಳುವರು. ಎರಡನೆಯ ವಾರದಲ್ಲಿ ಹುಡುಗಿಯು ಅಂಜುತ್ತ, “ನೀವು ಅಮ್ಮನ ಪಕ್ಷ ವಹಿಸಿದಂತೆ ಆಯಿತು” ಎಂದಳಂತೆ. ಅವರು ಸಿಟ್ಟಾಗದೆ ಅದನ್ನೇ ಹಿಡಿದು ಮುಂದಿನ ಮಾತು ನಡೆಸಿದರು.

ಮೂರನೆಯ ವಾರ ಬಂದುದು ಕಠಿನವಾದ ಘಳಿಗೆ. ಎಡಿನ್‌ಬರೋ ಮಾಪಕದ ಹತ್ತನೆಯ ಪ್ರಶ್ನೆಯು, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೆ ಎಂಬುದು. ಮೊದಲೆರಡು ವಾರ ‘ಇಲ್ಲ’ ಎಂದಿದ್ದವಳು ಆ ದಿನ ‘ಕೆಲವೊಮ್ಮೆ’ ಎಂಬುದಕ್ಕೆ ಗುರುತು ಹಾಕಿದಳು. ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ಆಗುತ್ತಿರಲಿಲ್ಲ. ಗುರುತು ಹಾಕಲು ಸಾಧ್ಯವಾಯಿತು. ಇಂಥ ಮಾತನ್ನು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾದೀತು ಎಂದು ನಮ್ಮಲ್ಲಿ ಹಲವರು ಹೆದರುವರು. ಹಾಗಲ್ಲವೆಂದು ಸಂಶೋಧಕರು ಪರೀಕ್ಷಿಸಿ ತಿಳಿಸಿದ್ದಾರೆ: ನೇರವಾಗಿ, ಕನಿಕರದಿಂದ ಕೇಳಿದರೆ ಆ ಯೋಚನೆ ಹೆಚ್ಚುವುದಿಲ್ಲ, ಹೊತ್ತ ಭಾರವನ್ನು ಇಳಿಸಲು ಎಡೆಯಾಗುವುದು. ಆ ತಾಯಿಯು ನೇರವಾಗಿಯೇ ಕೇಳಿದರು. ಯಾವಾಗ ಬರುತ್ತದೆ, ಹೇಗೆಂದು ಯೋಚಿಸಿದ್ದೀರಾ, ಮಗುವಿನ ಬಗೆಗೂ ಅಂಥ ಯೋಚನೆ ಬಂದಿದೆಯೆ, ಈಗ ಮನೆಯಲ್ಲಿ ಯಾರಿದ್ದಾರೆ. ಬಳಿಕ, “ಇದನ್ನು ನಿಮ್ಮ ಅಮ್ಮನಿಗೆ ನಾವಿಬ್ಬರೂ ಸೇರಿ ಹೇಳೋಣವೆ?” ಎಂದು ಒಪ್ಪಿಗೆ ಪಡೆದು, ತಂಗಿಯನ್ನು ಕೋಣೆಗೆ ಕರೆಯಿಸಿಕೊಂಡರು. ಆ ರಾತ್ರಿ ಯಾರು ಎಚ್ಚರವಿರಬೇಕು, ಏನನ್ನು ಬೀಗದೊಳಗಿಡಬೇಕು, ಯಾವ ಸಂಖ್ಯೆಗೆ ಕರೆಯಬೇಕು ಎಂಬುದೆಲ್ಲ ನಿಷ್ಕರ್ಷೆಯಾಯಿತು. ಮರುದಿನ ಬೆಳಗ್ಗೆ ಮಣಿಪಾಲದಲ್ಲಿ ಮನೋವೈದ್ಯರ ಭೇಟಿಯನ್ನು ಅವರೇ ಏರ್ಪಡಿಸಿದರು. ನಾನು ಉಡುಪಿಯಿಂದ ಕಾರು ಮಾಡಿಕೊಂಡು ಕಾರ್ಕಳಕ್ಕೆ ಹೋಗಿ, ತಾಯಿ ಮಗಳು ಮೊಮ್ಮಗಳು ಮೂವರನ್ನೂ ಕರೆದುಕೊಂಡು ಬಂದೆನು. ಹಿರಿಯಡ್ಕದವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ, ಮಗುವೊಂದೇ ಅಳುತ್ತಿತ್ತು.

ಮನೋವೈದ್ಯರು ಮೊಲೆಯೂಡಿಸುವ ತಾಯಿಗೆ ಹೊಂದುವ ಔಷಧವನ್ನು ಆರಿಸಿ ಕೊಟ್ಟರು. ದೂರದ ಮಾತು ನಿಲ್ಲಲಿಲ್ಲ. ಔಷಧದೊಡನೆ ಅದೂ ನಡೆಯಿತು. ದೂರದ ಚಿಕಿತ್ಸೆಯ ಎಲ್ಲೆಯೇನೆಂಬುದು ಇದರಿಂದ ತಿಳಿಯುವುದು. ಬಾಣಂತಿಗೆ ಭ್ರಮೆ ಹಿಡಿದು, ಇಲ್ಲದ ದನಿಗಳು ಕೇಳುವ, ದಿಕ್ಕುಗಾಣದಂತಾಗುವ ವ್ಯಾಧಿಯೂ ಅಪರೂಪಕ್ಕೆ ಬರುವುದುಂಟು. ಅದಕ್ಕೆ ಫೋನಿನ ಮಾತು ಸಾಲದು, ತಡಮಾಡದೆ ಆಸ್ಪತ್ರೆಗೇ ಹೋಗಬೇಕು. ಅಂಥ ತಾಯಂದಿರನ್ನು ಮಗುವಿನೊಡನೆಯೇ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವೊಂದು 2009ರಿಂದ ನಿಮ್ಹಾನ್ಸಿನಲ್ಲಿದೆ.

ನಾಲ್ಕನೆಯದು, ಕೆಲಸದ ಮೂಲಕ ಮನಸ್ಸನ್ನು ಎತ್ತುವ ವಿಧಾನ. ಇದರ ವಿಷಯವಾಗಿ ನಮ್ಮ ನೆರೆದೇಶದ ಒಂದು ಸಂಶೋಧನೆ ಪ್ರಸಿದ್ಧವಾಗಿದೆ. ಪಾಕಿಸ್ತಾನದ ಹಳ್ಳಿಗಳಲ್ಲಿ ಆತಿಫ್ ರಹಮಾನ್ ಮತ್ತು ಅವರ ಸಂಗಡಿಗರು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ಶಿಕ್ಷಣ ಕೊಟ್ಟು, ಖಿನ್ನರಾದ ತಾಯಂದಿರಿಗೆ ಮಾತಿನ ಚಿಕಿತ್ಸೆ ಮಾಡಿಸಿದರು. 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲವೇನೆಂದರೆ, ಹೆತ್ತು ಆರು ತಿಂಗಳಾದಾಗ ಸಾಮಾನ್ಯ ಆರೈಕೆ ಪಡೆದವರಲ್ಲಿ ನೂರಕ್ಕೆ 53 ಮಂದಿ ಖಿನ್ನರಾಗಿಯೇ ಉಳಿದಿದ್ದರೆ, ಈ ಚಿಕಿತ್ಸೆ ಪಡೆದವರಲ್ಲಿ ಉಳಿದವರು 23 ಮಂದಿ. ನಮ್ಮ ನೆರೆಯ ಗೋವೆಯಲ್ಲಿ ವಿಕ್ರಮ್ ಪಟೇಲರೂ ಸಂಗಡಿಗರೂ ಸಾಮಾನ್ಯ ಜನರನ್ನೇ ಸಲಹೆಗಾರರನ್ನಾಗಿ ತರಬೇತು ಮಾಡಿ, ತೀವ್ರ ಖಿನ್ನತೆಯುಳ್ಳವರಿಗೆ ಆರೆಂಟು ಭೇಟಿಗಳ ಚಿಕಿತ್ಸೆ ಕೊಡಿಸಿದರು. 2017ರಲ್ಲಿ ಪ್ರಕಟವಾದ ಅದರ ಲೆಕ್ಕದಂತೆ, ಮೂರು ತಿಂಗಳ ಬಳಿಕ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 64, ಪಡೆಯದವರಲ್ಲಿ 39 ಮಂದಿ ಚೇತರಿಸಿಕೊಂಡಿದ್ದರು. ಅದರ ತಿರುಳು ಸರಳವಾದದ್ದು: ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುವೆನೆಂದು ಕಾಯದೆ, ಹಿಂದೆ ಇಷ್ಟವಾಗಿದ್ದ ಸಣ್ಣ ಕೆಲಸವೊಂದನ್ನು ಗೊತ್ತಾದ ಹೊತ್ತಿಗೆ ಮಾಡುತ್ತ ಹೋದರೆ ಮನಸ್ಸು ಹಿಂದಿನಿಂದ ಬರುವುದು.

ಇದನ್ನು ನಮ್ಮ ಹುಡುಗಿಗೆ ಹೊಂದಿಸಿದ ರೀತಿಯನ್ನು ನೋಡಿರಿ. ಗಂಡನ ಮನೆಯಲ್ಲಿ ಯಾವ ಹೊತ್ತು ನಿಮಗೆ ಹಿತವಾಗಿರುತ್ತಿತ್ತು ಎಂದು ಕೇಳಿದಾಗ, ಅತ್ತೆಯೊಡನೆ ಕುಳಿತು ಮಲ್ಲಿಗೆ ಕಟ್ಟುವ ಹೊತ್ತೆಂದಳು. ಮುಂದಿನ ವಾರದಿಂದ ಅತ್ತೆಯು ಕಾಪುವಿನ ಕಡೆಯಿಂದ ಹೊರಡುವ ಬಸ್ಸಿನ ಕಂಡಕ್ಟರನ ಕೈಯಲ್ಲಿ, ಬಾಳೆಲೆಯಲ್ಲಿ ಸುತ್ತಿದ ಒಂದು ಹಿಡಿ ಮೊಗ್ಗನ್ನೂ ಬಾಳೆನಾರನ್ನೂ ಕಳುಹಿಸತೊಡಗಿದರು. ಮಳೆಗಾಲದಲ್ಲಿ ಹೂವು ಕಡಮೆ, ಆದರೂ ಕಳುಹಿಸಿದರು. ಮೊದಲ ದಿನ ಹತ್ತು ಮೊಗ್ಗು ಕಟ್ಟಿ ಕೈಬಿಟ್ಟಳು. ಹದಿನೈದು ದಿನಗಳಲ್ಲಿ ಒಂದು ಮೊಳವಾಯಿತು. ಒಂದು ದಿನ ಅದನ್ನು ಮಗುವಿನ ತೊಟ್ಟಿಲಿಗೆ ತಾನಾಗಿ ಕಟ್ಟಿದಳೆಂದು ತಂಗಿಯು ಫೋನಿನಲ್ಲಿ ಹೇಳುವಾಗ ಅವಳ ದನಿ ಒಡೆದಿತ್ತು. ಅಂಕವು 19ರಿಂದ 14ಕ್ಕೆ ಇಳಿಯಿತು; ನಡುವೆ ಒಂದು ವಾರ ಮತ್ತೆ 16ಕ್ಕೆ ಏರಿತು; ಹತ್ತನೆಯ ವಾರ 6ಕ್ಕೆ ಬಂದು ನಿಂತಿತು. ದೀಪಾವಳಿಯ ಮೊದಲು ಅವಳು ಕಾಪುವಿಗೆ ಹಿಂದಿರುಗಿದಳು.

ಮನುಷ್ಯರೇ ಇಲ್ಲದೆ, ಯಂತ್ರದ ಪಾಠಗಳಿಂದಲೇ ಇಷ್ಟನ್ನೂ ಮಾಡಿಸಬಹುದಲ್ಲ ಎಂದು ಕೇಳುವವರುಂಟು. ಸ್ವೀಡನ್ ದೇಶದಲ್ಲಿ ಗೆರ್ಹಾರ್ಡ್ ಆಂಡರ್ಸನ್ ಮೊದಲಾದವರು ಅಂತರ್ಜಾಲದ ಮೂಲಕ ನೀಡುವ ಚಿಕಿತ್ಸೆಯನ್ನು ಎರಡು ದಶಕಕ್ಕೂ ಮೇಲ್ಪಟ್ಟು ಪರೀಕ್ಷಿಸಿದ್ದಾರೆ. ಪಾಠಗಳನ್ನು ತಾವಾಗಿ ಓದಿಕೊಳ್ಳುವವರು ನಡುವೆಯೇ ಬಿಟ್ಟುಬಿಡುವುದು ಹೆಚ್ಚು. ವಾರಕ್ಕೊಮ್ಮೆಯಾದರೂ ಒಬ್ಬ ಮನುಷ್ಯರು ವಿಚಾರಿಸುತ್ತಿದ್ದರೆ ಮುಗಿಸುವವರೂ ಹೆಚ್ಚು, ಫಲವೂ ಹೆಚ್ಚು. ಪುಸ್ತಕ ಕೊಂಡರೆ ಸಾಲದು, ಪಾಠ ಒಪ್ಪಿಸಿಕೊಳ್ಳುವವರು ಬೇಕೆಂಬುದು ನಮ್ಮ ಪಾಠಶಾಲೆಗಳಲ್ಲಿಯೂ ಕಂಡ ಮಾತು.

ಗೃಹಸ್ಥರಾದ ವಾಚಕರು ಇದರಿಂದ ಏನನ್ನು ತೆಗೆದುಕೊಳ್ಳಬೇಕು? ದೂರದ ಚಿಕಿತ್ಸಕರನ್ನು ಆರಿಸುವಾಗ, ಸರಕಾರವು ಮಾನ್ಯ ಮಾಡಿದ ಪರಿಷತ್ತಿನಲ್ಲಿ ನಿಮ್ಮ ನೋಂದಣಿಯುಂಟೆ ಎಂದು ಸಂಕೋಚವಿಲ್ಲದೆ ಕೇಳಿರಿ. ಅವರು ನಿಮ್ಮ ವಿಳಾಸವನ್ನೂ ತುರ್ತಿನ ಸಂಖ್ಯೆಯನ್ನೂ ಕೇಳದೆ ಉಪದೇಶಕ್ಕೆ ತೊಡಗಿದರೆ ಎಚ್ಚರವಾಗಿರಿ. ವಾರವಾರವೂ ಅಳೆಯುವರೆ, ಬೇರೆಬೇರೆಯವರನ್ನು ಕಳುಹಿಸದೆ ಒಬ್ಬರೇ ಬರುವರೆ, ಗುಣವಾಗದಿದ್ದರೆ ಮುಂದೇನೆಂದು ಹೇಳುವರೆ ಎಂದು ನೋಡಿರಿ. ಹಣವಿಲ್ಲವೆಂದು ಸುಮ್ಮನಿರಬೇಕಾಗಿಲ್ಲ, 14416ಕ್ಕೆ ಹಗಲೂ ರಾತ್ರಿಯೂ ಕರೆಯಬಹುದು. ರೋಗಿಯ ಮಾತು ಗುಟ್ಟಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾನೂನಿನ ಪ್ರಕಾರ ಅವರ ಹಕ್ಕು. ಆದ್ದರಿಂದ ಏನು ಮಾತಾಡಿದೆ ಎಂದು ಹೊರಗೆ ಬಂದ ಕೂಡಲೇ ಕೇಳಬೇಡಿರಿ.

ಊಟದ ಪ್ರಶ್ನೆ ಕೇಳಿದ ಹಿರಿಯರಿಗೆ ನಾನು ಕೊಟ್ಟ ಉತ್ತರವಿಷ್ಟೆ: ಟೆಲಿಫೋನಿನಲ್ಲಿ ಊಟ ಬಡಿಸಲಾಗದು, ನಿಜ, ಆದರೆ ಹಸಿದವಳನ್ನು ಎಬ್ಬಿಸಿ ಎಲೆಯ ಮುಂದೆ ಕುಳ್ಳಿರಿಸಬಹುದು. ಬಡಿಸುವ ಕೆಲಸ ಮನೆಯವರದು. ಚರಕನು ಹೇಳಿದ ನಾಲ್ಕು ಪಾದಗಳಲ್ಲಿ ವೈದ್ಯರು ದೂರ ಸರಿದಷ್ಟೂ ಪರಿಚಾರಕನ ಹೊಣೆ ಹೆಚ್ಚುವುದು. ನಮ್ಮ ಮನೆಯಲ್ಲಿ ಆ ಹೊಣೆಯು ವಾರಕ್ಕೆ ಮುಕ್ಕಾಲು ಗಂಟೆಯ ರೂಪದಲ್ಲಿ ಬಂದಿತು. ಒಳಗೆ ಬಾಗಿಲು ಮುಚ್ಚಿ ಮಗಳು ಮಾತಾಡುತ್ತಿರುವಾಗ, ಬಾಗಿಲಿಗೆ ಕಿವಿಗೊಡದೆ, ಬಂದ ನೆಂಟರನ್ನು ಜಗಲಿಯಲ್ಲಿಯೇ ಕುಳ್ಳಿರಿಸಿ, ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ನಡೆದಾಡುವುದು. ಇದಕ್ಕೆ ಶಾಸ್ತ್ರಪರಿಚಯ ಬೇಡ, ಖರ್ಚು ಬೇಡ, ನೆಟ್ಟಗಿರುವ ಎರಡು ಕಾಲುಗಳಿದ್ದರೆ ಸಾಕು. ಅಷ್ಟನ್ನು ಮಾಡಲು ಸಿದ್ಧರಿರುವ ಮನೆಯಲ್ಲಿ ದೂರದ ವೈದ್ಯವು ಹತ್ತಿರದ್ದೇ ಆಗುವುದು.